ಶೆರಿಫ್ ಡೆಪ್ಯೂಟಿ ಮತ್ತು ಸಿಟಿ ಪೊಲೀಸ್: ತರಬೇತಿ ಒಂದೇ ಇರಬಹುದು, ಅಧಿಕಾರ ಮಾತ್ರ ರಾಜ್ಯಕ್ಕೊಂದು ಥರ

ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಅರ್ಧ ಗಂಟೆ ಕಾರು ಓಡಿಸಿದರೆ ನಾಲ್ಕು ಬಗೆಯ ಪೊಲೀಸರು ಎದುರಾಗುತ್ತಾರೆ. ಹರ್ಂಡನ್ ಪಟ್ಟಣದೊಳಗೆ ಟೌನ್ ಪೊಲೀಸ್. ಪಟ್ಟಣದ ಗಡಿ ದಾಟಿದರೆ ಅದರ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಪೊಲೀಸ್, ಅಂದರೆ ಫೇರ್‌ಫ್ಯಾಕ್ಸ್ ಕೌಂಟಿ ಪೊಲೀಸ್. ಡಲ್ಲಸ್ ವಿಮಾನ ನಿಲ್ದಾಣಕ್ಕೆ ಅದರದೇ ಪೊಲೀಸ್. ಇನ್ನೂ ಮುಂದೆ ಆಶ್‌ಬರ್ನ್‌ಗೆ ಹೋದರೆ ಪೊಲೀಸ್ ಇಲಾಖೆಯೇ ಇಲ್ಲ. ಕಳ್ಳತನವಾದರೂ ಅಪಘಾತವಾದರೂ ಬರುವವರು ಲೌಡನ್ ಕೌಂಟಿ ಶೆರಿಫರ ಡೆಪ್ಯೂಟಿಗಳು. ಹಾಗಂತ ಫೇರ್‌ಫ್ಯಾಕ್ಸ್‌ನಲ್ಲಿ ಶೆರಿಫ್ ಇಲ್ಲವೇ? ಇದ್ದಾರೆ. ಅಲ್ಲಿನ ಡೆಪ್ಯೂಟಿಗಳು ಜೈಲು ಕಾಯುತ್ತಾರೆ, ಕೋರ್ಟಿಗೆ ಭದ್ರತೆ ಕೊಡುತ್ತಾರೆ, ನೋಟಿಸು ಜಾರಿ ಮಾಡುತ್ತಾರೆ. ಬೀದಿ ಗಸ್ತು ಕೌಂಟಿ ಪೊಲೀಸರದ್ದು. ಒಂದೇ ರಾಜ್ಯ, ಅಕ್ಕಪಕ್ಕದ ಎರಡು ಕೌಂಟಿ, ಒಂದೇ ಹೆಸರಿನ ಹುದ್ದೆ, ಬೇರೆ ಬೇರೆ ಕೆಲಸ.

ಆದ್ದರಿಂದ ‘ಡೆಪ್ಯೂಟಿ ದೊಡ್ಡವರಾ, ಪೊಲೀಸ್ ದೊಡ್ಡವರಾ’ ಎಂಬ ಪ್ರಶ್ನೆಗೆ ಇಡೀ ದೇಶಕ್ಕೆ ಅನ್ವಯಿಸುವ ಉತ್ತರ ಸಿಗುವುದಿಲ್ಲ. ಅಧಿಕಾರ ಬರುವುದು ರಾಜ್ಯದ ಕಾನೂನಿನಿಂದ. ಎದೆಯ ಮೇಲಿನ ಬಿಲ್ಲೆ ಹೇಳುವುದು ಆ ವ್ಯಕ್ತಿಯ ಯಜಮಾನ ಯಾರು ಎಂಬುದನ್ನು ಮಾತ್ರ. ಎಷ್ಟೋ ಗೊಂದಲ ಹುಟ್ಟುವುದೇ ಈ ಎರಡನ್ನೂ ಒಂದೆಂದು ತಿಳಿಯುವುದರಿಂದ.

ಯಜಮಾನ ಯಾರು

ಕರ್ನಾಟಕದಲ್ಲಿ ಪೊಲೀಸ್ ಎಂದರೆ ರಾಜ್ಯ ಸರ್ಕಾರದ ಒಂದೇ ಇಲಾಖೆ. ಜಿಲ್ಲೆಯಲ್ಲಿ ಎಸ್‌ಪಿ, ಬೆಂಗಳೂರಿನಂಥ ನಗರದಲ್ಲಿ ಕಮಿಷನರ್. ಜೈಲು ನೋಡಿಕೊಳ್ಳುವುದು ಕಾರಾಗೃಹ ಇಲಾಖೆ. ಸಿವಿಲ್ ಕೋರ್ಟಿನ ಸಮನ್ಸ್ ಮುಟ್ಟಿಸುವುದು, ಡಿಕ್ರಿಯಂತೆ ಸ್ವಾಧೀನ ಕೊಡಿಸುವುದು ಕೋರ್ಟಿನ ಅಮೀನರ ಕೆಲಸ. ಈ ಮೂರನ್ನೂ ಒಂದೇ ಕಚೇರಿಗೆ ಸೇರಿಸಿ, ಅದರ ಮುಖ್ಯಸ್ಥರನ್ನು ಜನರೇ ಮತ ಹಾಕಿ ಆರಿಸಿದರೆ ಹೇಗಿರುತ್ತದೋ ಹೆಚ್ಚಿನ ರಾಜ್ಯಗಳ ಶೆರಿಫ್ ಕಚೇರಿ ಹಾಗಿರುತ್ತದೆ. ವ್ಯಾಪ್ತಿ ಇಡೀ ಕೌಂಟಿ. ಅವಧಿ ಸಾಮಾನ್ಯವಾಗಿ 4 ವರ್ಷ. ನ್ಯೂಜೆರ್ಸಿಯಲ್ಲಿ 3, ಮ್ಯಾಸಚೂಸೆಟ್ಸ್‌ನಲ್ಲಿ 6. ಡೆಪ್ಯೂಟಿ ಎಂದರೆ ಈ ಚುನಾಯಿತ ಶೆರಿಫರ ಪರವಾಗಿ ಕೆಲಸ ಮಾಡುವವರು.

ಸಿಟಿ ಪೊಲೀಸ್ ಮುಖ್ಯಸ್ಥರನ್ನು ಜನ ಆರಿಸುವುದು ತೀರಾ ಅಪರೂಪ. ಮೇಯರ್ ಅಥವಾ ಸಿಟಿ ಮ್ಯಾನೇಜರ್ ನೇಮಿಸುತ್ತಾರೆ, ಬೇಡವೆನಿಸಿದರೆ ತೆಗೆಯುತ್ತಾರೆ.

ಅಪವಾದಗಳಿಗೇನೂ ಬರವಿಲ್ಲ. ಅಲಾಸ್ಕಾದಲ್ಲಿ ಕೌಂಟಿಗಳೇ ಇಲ್ಲ, ಶೆರಿಫರೂ ಇಲ್ಲ. ಕನೆಕ್ಟಿಕಟ್ 2000ದಲ್ಲಿ ಸಂವಿಧಾನ ತಿದ್ದಿ ಆ ಹುದ್ದೆಯನ್ನೇ ರದ್ದು ಮಾಡಿತು. ನ್ಯೂಯಾರ್ಕ್ ನಗರದ ಶೆರಿಫರನ್ನು ನೇಮಿಸುವುದು ಮೇಯರ್, ಅವರ ಕಚೇರಿ ಇರುವುದು ಹಣಕಾಸು ಇಲಾಖೆಯ ಕೆಳಗೆ. ಲಾಸ್ ವೇಗಸ್‌ನಲ್ಲಿ ಇದಕ್ಕೆ ತದ್ವಿರುದ್ಧ: 1973ರಲ್ಲಿ ನಗರ ಪೊಲೀಸ್ ಮತ್ತು ಕ್ಲಾರ್ಕ್ ಕೌಂಟಿ ಶೆರಿಫ್ ಇಲಾಖೆ ಒಂದಾದವು, ಅಂದಿನಿಂದ ನಗರ ಪೊಲೀಸರ ಮುಖ್ಯಸ್ಥರೇ ಚುನಾಯಿತ ಶೆರಿಫ್. ಮಯಾಮಿ-ಡೇಡ್ ಕೌಂಟಿ ಪೊಲೀಸರಂತೂ 2025ರ ಜನವರಿಯಲ್ಲಿ ಶೆರಿಫ್ ಕಚೇರಿಯಾಗಿ ಬದಲಾದರು. ಫ್ಲಾರಿಡಾದ ಮತದಾರರು 2018ರಲ್ಲಿ ಪ್ರತಿ ಕೌಂಟಿಗೂ ಚುನಾಯಿತ ಶೆರಿಫ್ ಇರಲೇಬೇಕೆಂದು ತೀರ್ಮಾನಿಸಿದ್ದರ ಫಲ ಅದು.

ತರಬೇತಿ: ಕ್ಯಾಲಿಫೋರ್ನಿಯಾದ ಲೆಕ್ಕ

ಡೆಪ್ಯೂಟಿಗಳಿಗೆ ಕಡಿಮೆ ತರಬೇತಿ, ಸಿಟಿ ಪೊಲೀಸರಿಗೆ ಹೆಚ್ಚು ಎಂಬ ಮಾತು ಆಗಾಗ ಕೇಳಿಬರುತ್ತದೆ. ಕ್ಯಾಲಿಫೋರ್ನಿಯಾದ ಮಟ್ಟಿಗೆ ಅದು ತಪ್ಪು. 1959ರಲ್ಲಿ ಹುಟ್ಟಿದ ‘ಪೋಸ್ಟ್’ ಎಂಬ ರಾಜ್ಯ ಆಯೋಗ ಕನಿಷ್ಠ ಮಟ್ಟವನ್ನು ಗೊತ್ತುಮಾಡುತ್ತದೆ, ಬೀದಿಗೆ ಇಳಿಯುವ ಡೆಪ್ಯೂಟಿಗೂ ಸಿಟಿ ಅಧಿಕಾರಿಗೂ ಅದೇ ಪಠ್ಯ. ಮೂಲ ಕೋರ್ಸ್ ಕನಿಷ್ಠ 664 ಗಂಟೆ. ಹೆಚ್ಚಿನ ಅಕಾಡೆಮಿಗಳು ಇಷ್ಟಕ್ಕೇ ನಿಲ್ಲಿಸುವುದಿಲ್ಲ. 900 ಗಂಟೆಯ ಆಸುಪಾಸಿಗೆ ಹೋಗುವುದು ಮಾಮೂಲು, ಅಂದರೆ ಹೆಚ್ಚುಕಡಿಮೆ ಆರು ತಿಂಗಳು. ವಿಷಯಗಳನ್ನು ನಲವತ್ತಕ್ಕೂ ಹೆಚ್ಚು ಭಾಗಗಳಾಗಿ ವಿಂಗಡಿಸಿದ್ದಾರೆ: ಬಲಪ್ರಯೋಗದ ಕಾನೂನು, ಶೋಧನೆ ಮತ್ತು ಜಪ್ತಿ, ಕೌಟುಂಬಿಕ ಹಿಂಸೆ, ವರದಿ ಬರೆಯುವುದು, ಬಂದೂಕು, ವಾಹನ ಚಾಲನೆ, ಪ್ರಥಮ ಚಿಕಿತ್ಸೆ, ಹೀಗೆ.

ಎಷ್ಟೋ ಸಲ ತರಗತಿಯೂ ಒಂದೇ. ಅಲಮೀಡಾ ಕೌಂಟಿ ಶೆರಿಫರು ಡಬ್ಲಿನ್‌ನಲ್ಲಿ ನಡೆಸುವ ಅಕಾಡೆಮಿಯಲ್ಲಿ ಸುತ್ತಲಿನ ನಗರಗಳ ಪೊಲೀಸ್ ಅಭ್ಯರ್ಥಿಗಳೂ ಡೆಪ್ಯೂಟಿಗಳ ಪಕ್ಕದಲ್ಲೇ ಕೂತು ಕಲಿಯುತ್ತಾರೆ.

ದೈಹಿಕ ಪರೀಕ್ಷೆಯಲ್ಲಿ ಐದು ಅಂಗ: 99 ಗಜದ ಅಡೆತಡೆ ಓಟ, 165 ಪೌಂಡ್ (ಸುಮಾರು 75 ಕೆ.ಜಿ.) ತೂಕದ ಬೊಂಬೆಯನ್ನು 32 ಅಡಿ ಎಳೆಯುವುದು, 6 ಅಡಿಯ ಜಾಲರಿ ಬೇಲಿ ಹತ್ತಿಳಿಯುವುದು, ಅಷ್ಟೇ ಎತ್ತರದ ಗಟ್ಟಿ ಗೋಡೆ ಹತ್ತಿಳಿಯುವುದು, ಕೊನೆಗೆ 500 ಗಜದ ಓಟ. ತೋಳಿನ ಬಲವೊಂದನ್ನೇ ನೆಚ್ಚಿಕೊಂಡವರು ಗೋಡೆಯಲ್ಲಿ ಸೋಲುತ್ತಾರೆ. ಅಲ್ಲಿ ಓಡಿ ಬಂದ ವೇಗವನ್ನು ಕಾಲಿನ ಒದೆತಕ್ಕೆ ತಿರುಗಿಸುವುದು ಗೊತ್ತಿರಬೇಕು.

ಅಕಾಡೆಮಿ ಸೇರುವ ಮೊದಲೇ ಬಹಳ ಮಂದಿ ಸೋಸಿಹೋಗುತ್ತಾರೆ. ಲಿಖಿತ ಪರೀಕ್ಷೆ, ಬೆರಳಚ್ಚು, ವೈದ್ಯಕೀಯ ಮತ್ತು ಮಾನಸಿಕ ತಪಾಸಣೆ ಮುಗಿದರೂ ಪೂರ್ವಾಪರ ವಿಚಾರಣೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಿಂದಿನ ಮಾಲೀಕರು, ನೆರೆಹೊರೆ, ಸಾಲ, ಚಾಲನಾ ದಾಖಲೆ ಎಲ್ಲವನ್ನೂ ಜಾಲಾಡುತ್ತಾರೆ. ಹಳೆಯ ಸಣ್ಣ ತಪ್ಪಿಗಿಂತ ಅದನ್ನು ಅರ್ಜಿಯಲ್ಲಿ ಮುಚ್ಚಿಟ್ಟದ್ದಕ್ಕೇ ಹೊರಬೀಳುವವರು ಹೆಚ್ಚು. 2022ರಿಂದ ಕನಿಷ್ಠ ವಯಸ್ಸು 21. ಪೌರತ್ವದ ಷರತ್ತನ್ನು 2023ರಿಂದ ತೆಗೆದಿದ್ದಾರೆ, ಫೆಡರಲ್ ಕಾನೂನಿನಂತೆ ಕೆಲಸ ಮಾಡುವ ಹಕ್ಕು ಇದ್ದರೆ ರಾಜ್ಯದ ನಿಯಮ ಅಡ್ಡ ಬರುವುದಿಲ್ಲ. ಎಚ್-1ಬಿ ವೀಸಾದವರು ಆಸೆ ಪಡುವಂತಿಲ್ಲ, ಆ ವೀಸಾ ಒಂದು ನಿರ್ದಿಷ್ಟ ಉದ್ಯೋಗದಾತರಿಗೂ ಕೆಲಸಕ್ಕೂ ಕಟ್ಟಿಹಾಕಿದ್ದು. ಗ್ರೀನ್ ಕಾರ್ಡ್ ಇದ್ದವರಿಗೆ ಇದು ಉಪಯೋಗಕ್ಕೆ ಬರುವ ಬದಲಾವಣೆ.

ಅಕಾಡೆಮಿ ಮುಗಿದ ಮಾತ್ರಕ್ಕೆ ಒಬ್ಬರನ್ನೇ ಗಸ್ತಿಗೆ ಬಿಡುವುದಿಲ್ಲ. ಅನುಭವಿ ಅಧಿಕಾರಿಯ ಜೊತೆ ಕನಿಷ್ಠ 10 ವಾರ ಕ್ಷೇತ್ರ ತರಬೇತಿ, ಎಷ್ಟೋ ಇಲಾಖೆಗಳಲ್ಲಿ ಅದಕ್ಕಿಂತ ಹೆಚ್ಚು. ಸ್ಯಾನ್ ಹೋಸೆ ಪೊಲೀಸರು 1970ರ ದಶಕದ ಆರಂಭದಲ್ಲಿ ರೂಪಿಸಿದ ಪದ್ಧತಿಯನ್ನು ದೇಶದ ಎಷ್ಟೋ ಇಲಾಖೆಗಳು ಇವತ್ತಿಗೂ ಅನುಸರಿಸುತ್ತವೆ. ಪ್ರತಿ ಪಾಳಿಯ ಕೊನೆಗೆ ತರಬೇತುದಾರರು ಚಾಲನೆ, ರೇಡಿಯೋ ಬಳಕೆ, ಕಾನೂನು ಜ್ಞಾನ, ಅಪಾಯದ ಎಚ್ಚರ ಇತ್ಯಾದಿಗೆ 1ರಿಂದ 7ರವರೆಗೆ ಅಂಕ ಹಾಕುತ್ತಾರೆ. ಕೊನೆಯ ಹಂತದಲ್ಲಿ ತರಬೇತುದಾರರು ಮಫ್ತಿಯಲ್ಲಿ ಸುಮ್ಮನೆ ಕೂತಿರುತ್ತಾರೆ, ಹೊಸಬರೇ ಎಲ್ಲವನ್ನೂ ನಿಭಾಯಿಸಬೇಕು. ಇಲ್ಲಿ ಬಂದು ಕೆಲಸ ಬಿಡುವವರು ಕಡಿಮೆಯಿಲ್ಲ. ಸಾಮಾನ್ಯವಾಗಿ ಎಡವುವುದು ಏಕಕಾಲಕ್ಕೆ ಕಾರು ಓಡಿಸುತ್ತ, ರೇಡಿಯೋ ಕೇಳುತ್ತ, ತಾನು ಈಗ ಯಾವ ಬೀದಿಯಲ್ಲಿದ್ದೇನೆ ಎಂದು ನೆನಪಿಟ್ಟುಕೊಳ್ಳುವುದರಲ್ಲಿ. ಸಹಾಯ ಕೇಳುವಾಗ ಬೀದಿಯ ಹೆಸರು ಹೇಳಲಾಗದಿದ್ದರೆ ಸಹಾಯಕ್ಕೆ ಯಾರೂ ಬರಲಾರರು.

ಆಮೇಲೆ ಎರಡು ವರ್ಷಕ್ಕೆ ಕನಿಷ್ಠ 24 ಗಂಟೆ ಮರುತರಬೇತಿ. ಇಲ್ಲಿಯವರೆಗೆ ಡೆಪ್ಯೂಟಿಗೂ ಪೊಲೀಸರಿಗೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಜೈಲೆಂಬ ಕವಲು

ವ್ಯತ್ಯಾಸ ಶುರುವಾಗುವುದು ಮೊದಲ ಪೋಸ್ಟಿಂಗ್‌ನಲ್ಲಿ. ಸಿಟಿ ಅಧಿಕಾರಿ ನೇರವಾಗಿ ಗಸ್ತು ಕಾರಿಗೆ ಹೋಗುತ್ತಾರೆ. ಕೌಂಟಿ ಜೈಲಿನ ಹೊಣೆ ಕಾನೂನಿನಂತೆ ಶೆರಿಫರದ್ದಾದ್ದರಿಂದ ಡೆಪ್ಯೂಟಿಯ ಮೊದಲ ವರ್ಷಗಳು ಅಲ್ಲೇ ಕಳೆಯಬಹುದು. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಇದು ಬಹುಕಾಲದ ರೂಢಿ. ಮೂಲ ಕೋರ್ಸ್‌ನಲ್ಲಿ ಬಂಧೀಖಾನೆಯ ಬಗ್ಗೆ ಇರುವುದು ಕೆಲವೇ ಗಂಟೆಗಳ ಪಾಠವಾದ್ದರಿಂದ ಜೈಲಿಗೆ ಹೋಗುವವರು ಬೇರೊಂದು ರಾಜ್ಯ ಮಂಡಳಿ ಗೊತ್ತುಮಾಡಿದ ಪ್ರತ್ಯೇಕ ತರಬೇತಿ ಪಡೆಯಬೇಕು: ಕೈದಿಗಳ ವರ್ಗೀಕರಣ, ಆತ್ಮಹತ್ಯೆ ತಡೆ, ಕೋಣೆ ತಪಾಸಣೆ, ಔಷಧ ವಿತರಣೆಯ ನಿಗಾ.

ಇದರಲ್ಲಿ ಲಾಭ ನಷ್ಟ ಎರಡೂ ಇವೆ. ಜೈಲಿನಲ್ಲಿ ದಿನವಿಡೀ ಆಯುಧವಿಲ್ಲದೆ ನೂರಾರು ಜನರ ನಡುವೆ ಓಡಾಡುವವರಿಗೆ ಮಾತಿನಲ್ಲೇ ಜಗಳ ತಣಿಸುವ ಕಲೆ ಸಿದ್ಧಿಸುತ್ತದೆ, ಆಮೇಲೆ ಬೀದಿಯಲ್ಲಿ ಅದು ಎದ್ದು ಕಾಣುತ್ತದೆ. ಅದೇ ಹೊತ್ತಿಗೆ ಅಕಾಡೆಮಿಯಲ್ಲಿ ಕಲಿತ ಟ್ರಾಫಿಕ್ ಕಾನೂನು, ಅಪರಾಧ ಸ್ಥಳದ ನಿರ್ವಹಣೆ, ತುರ್ತು ಚಾಲನೆ ತುಕ್ಕು ಹಿಡಿಯುತ್ತವೆ. ಗಸ್ತಿಗೆ ವರ್ಗವಾದ ಮೇಲೆ ಮತ್ತೆ ತಿಂಗಳುಗಟ್ಟಲೆ ಕ್ಷೇತ್ರ ತರಬೇತಿ ಕೊಡುವುದು ಅದಕ್ಕಾಗಿಯೇ. ಸಿಬ್ಬಂದಿ ಕೊರತೆಯಿರುವ ಕೌಂಟಿಗಳು ಈ ಮರುತಯಾರಿಯನ್ನು ಚುಟುಕಾಗಿಸಲು ನೋಡುತ್ತವೆ. ತೊಂದರೆ ಬರುವುದೂ ಅಲ್ಲಿಂದಲೇ.

ಸಮವಸ್ತ್ರ ಕಂಡು ಎಲ್ಲರನ್ನೂ ಡೆಪ್ಯೂಟಿ ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾ ದಂಡ ಸಂಹಿತೆಯ 830.1(ಎ) ವಿಧಿಯಡಿ ಬರುವ ಡೆಪ್ಯೂಟಿಗೆ ಪೂರ್ಣ ಅಧಿಕಾರ. 830.1(ಸಿ)ಯಡಿ ಜೈಲಿಗೆಂದೇ ನೇಮಕವಾದವರ ಅಧಿಕಾರ ಆ ಕರ್ತವ್ಯಕ್ಕೆ ಸೀಮಿತ. 831.5ರಡಿ ಬರುವ ಕಸ್ಟಡಿ ಅಧಿಕಾರಿಗಳು ಕಾನೂನಿನ ಕಣ್ಣಿನಲ್ಲಿ ‘ಶಾಂತಿಪಾಲನಾ ಅಧಿಕಾರಿ’ಗಳೇ (ಅಂದರೆ ಪೊಲೀಸ್ ಅಧಿಕಾರ ಉಳ್ಳವರೇ) ಅಲ್ಲ. ವರ್ಜೀನಿಯಾ ಇದನ್ನೇ ಪ್ರಮಾಣಪತ್ರಗಳ ಮೂಲಕ ಮಾಡುತ್ತದೆ: ಕಾನೂನು ಜಾರಿಗೆ ಒಂದು (ಕನಿಷ್ಠ 480 ಗಂಟೆ ಅಕಾಡೆಮಿ, ಜೊತೆಗೆ ಕ್ಷೇತ್ರ ತರಬೇತಿ), ಜೈಲಿಗೆ ಒಂದು, ಕೋರ್ಟ್ ಭದ್ರತೆ ಮತ್ತು ನೋಟಿಸು ಜಾರಿಗೆ ಮತ್ತೊಂದು. ಎಲ್ಲರೂ ‘ಡೆಪ್ಯೂಟಿ’ಗಳೇ, ಆದರೆ ಬಂದಿರುವವರ ಬಳಿ ಯಾವ ಪ್ರಮಾಣಪತ್ರ ಇದೆ ಎಂಬುದು ಮುಖ್ಯ.

ಗಡಿ ದಾಟಿದರೆ ಅಧಿಕಾರ ಏನಾಗುತ್ತದೆ

ಶೆರಿಫರ ವ್ಯಾಪ್ತಿ ಇಡೀ ಕೌಂಟಿ ಎಂದರೆ ಅದರೊಳಗಿನ ನಗರಗಳೂ ಸೇರಿದವು. ಸ್ಯಾನ್ ಹೋಸೆ ನಗರದ ನಡುಮಧ್ಯೆ ಸಾಂಟಾ ಕ್ಲಾರಾ ಕೌಂಟಿ ಡೆಪ್ಯೂಟಿ ನಿಮ್ಮ ಕಾರು ನಿಲ್ಲಿಸಿ ಟಿಕೆಟ್ ಕೊಟ್ಟರೆ ‘ಇದು ನಿಮ್ಮ ಏರಿಯಾ ಅಲ್ಲ’ ಎನ್ನಲು ಬರುವುದಿಲ್ಲ. ನಗರದೊಳಗಿನ ದಿನನಿತ್ಯದ ಕೆಲಸವನ್ನು ಸಿಟಿ ಪೊಲೀಸರಿಗೆ ಬಿಡುವುದು ಒಪ್ಪಂದ ಮತ್ತು ಸಂಪ್ರದಾಯ.

ಸಿಟಿ ಪೊಲೀಸರ ಕಥೆಯೂ ಜನ ತಿಳಿದಷ್ಟು ಇಕ್ಕಟ್ಟಲ್ಲ. 830.1ರ ಪ್ರಕಾರ ಅವರ ಅಧಿಕಾರ ರಾಜ್ಯದ ಎಲ್ಲೆಡೆಗೂ ಚಾಚುತ್ತದೆ, ಆದರೆ ಮೂರು ಸಂದರ್ಭಗಳಲ್ಲಿ: ಅಪರಾಧ ತಮ್ಮ ನಗರದಲ್ಲಿ ನಡೆದಿದ್ದರೆ, ಹೋದ ಊರಿನ ಪೊಲೀಸ್ ಮುಖ್ಯಸ್ಥರು ಅಥವಾ ಶೆರಿಫರು ಮೊದಲೇ ಒಪ್ಪಿಗೆ ಕೊಟ್ಟಿದ್ದರೆ, ಕಣ್ಣೆದುರೇ ಅಪರಾಧ ನಡೆದು ಜೀವಕ್ಕೋ ಆಸ್ತಿಗೋ ತಕ್ಷಣದ ಅಪಾಯವಿದ್ದರೆ ಅಥವಾ ಆರೋಪಿ ತಪ್ಪಿಸಿಕೊಳ್ಳುವಂತಿದ್ದರೆ. ಅಕ್ಕಪಕ್ಕದ ಊರುಗಳು ಇಂಥ ಒಪ್ಪಿಗೆಯನ್ನು ಮೊದಲೇ ಬರೆದುಕೊಟ್ಟಿಟ್ಟಿರುವುದರಿಂದ ಎರಡನೆಯ ಷರತ್ತು ಬಹುಪಾಲು ತಾನಾಗಿಯೇ ಪೂರೈಸಿರುತ್ತದೆ. ಹಾಗೆ ನೋಡಿದರೆ ಡೆಪ್ಯೂಟಿಯೂ ತನ್ನ ಕೌಂಟಿಯ ಹೊರಗೆ ಇವೇ ಷರತ್ತುಗಳಿಗೆ ಬದ್ಧ.

ಇನ್ನೊಂದು ಸೂಕ್ಷ್ಮ: ಕ್ಯಾಲಿಫೋರ್ನಿಯಾದಲ್ಲಿ ನಗರದ ಹೊರಗಿನ ಕೌಂಟಿ ರಸ್ತೆಗಳ ಟ್ರಾಫಿಕ್ ಮತ್ತು ಅಪಘಾತ ರಾಜ್ಯದ ಹೆದ್ದಾರಿ ಗಸ್ತು ಪಡೆಯಾದ ಹೈವೇ ಪ್ಯಾಟ್ರೋಲ್‌ನ ಹೊಣೆ. ಅದೇ ಜಾಗದಲ್ಲಿ ಮನೆಗಳ್ಳತನವಾದರೆ ಶೆರಿಫ್.

ಇನ್ನು ಪೆನ್ಸಿಲ್ವೇನಿಯಾಕ್ಕೆ ಬನ್ನಿ. ಅಲ್ಲಿ ಶೆರಿಫರ ಮೂಲ ಕೆಲಸ ಕೋರ್ಟಿನ ಸೇವೆ, ಡೆಪ್ಯೂಟಿಗಳು ಬೀದಿಯಲ್ಲಿ ಎಷ್ಟರ ಮಟ್ಟಿಗೆ ಪೊಲೀಸರು ಎಂಬುದನ್ನು ರಾಜ್ಯದ ಸುಪ್ರೀಂ ಕೋರ್ಟ್ ಇಪ್ಪತ್ತು ವರ್ಷ ಬಿಡಿಸುತ್ತ ಬಂತು. 1994ರ ಲೀಟ್ ಪ್ರಕರಣದಲ್ಲಿ, ಸ್ಥಳೀಯ ಪೊಲೀಸರಿಗೆ ಕೊಡುವಂಥದ್ದೇ ತರಬೇತಿ ಪಡೆದಿದ್ದರೆ ಡೆಪ್ಯೂಟಿ ತನ್ನ ಕಣ್ಣೆದುರು ನಡೆದ, ಶಾಂತಿಭಂಗಕ್ಕೆ ಸಮನಾದ ವಾಹನ ಅಪರಾಧಕ್ಕೆ ಕ್ರಮ ಕೈಗೊಳ್ಳಬಹುದು ಎಂದಿತು. ಹಾಗಾದರೆ ತರಬೇತಿ ಇದ್ದರೆ ಎಲ್ಲವೂ ಸರಿ ಎಂದು ಡೆಪ್ಯೂಟಿಗಳು ಭಾವಿಸಿದರು. 2007ರ ಡಾಬಿನ್ಸ್ ಪ್ರಕರಣ ಆ ಭ್ರಮೆ ಬಿಡಿಸಿತು: ಅವರಾಗಿಯೇ ಮಾದಕವಸ್ತು ತನಿಖೆಗೆ ಇಳಿಯುವ ಅಧಿಕಾರ ಶೆರಿಫರಿಗಿಲ್ಲ. 2013ರ ಮಾರ್ಕೋನಿ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಶೆರಿಫರು ತಾವಾಗಿ ರಸ್ತೆಯಲ್ಲಿ ನಾಕಾ ಹಾಕಿ ಕುಡಿದು ಓಡಿಸುವವರನ್ನು ತಪಾಸಣೆ ಮಾಡುವಂತಿಲ್ಲ. ಅಧಿಕಾರವಿಲ್ಲದವರು ಸಂಗ್ರಹಿಸಿದ ಸಾಕ್ಷ್ಯ ಈ ಕೊನೆಯ ಎರಡು ಪ್ರಕರಣಗಳಲ್ಲಿ ನಿಲ್ಲಲಿಲ್ಲ. ತರಬೇತಿ ಎಷ್ಟೇ ಇರಲಿ, ಕಾನೂನು ಕೊಡದ ಅಧಿಕಾರವನ್ನು ಅಕಾಡೆಮಿ ಕೊಡಲಾರದು.

ಡೆಲವೇರ್‌ನಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಸಸೆಕ್ಸ್ ಕೌಂಟಿಯ ಶೆರಿಫರು ‘ನಾನು ಸಂವಿಧಾನದಲ್ಲೇ ಹೆಸರಿಸಿರುವ ಶಾಂತಿಪಾಲಕ, ಬಂಧಿಸುವ ಹಕ್ಕು ನನಗಿದೆ’ ಎಂದು ವಾದಿಸಿದರು. ರಾಜ್ಯದ ಸುಪ್ರೀಂ ಕೋರ್ಟ್ 2013ರಲ್ಲಿ ಒಪ್ಪಲಿಲ್ಲ. ಅಲ್ಲಿ ಶೆರಿಫರ ಕೆಲಸ ನೋಟಿಸು ಮುಟ್ಟಿಸುವುದು, ಜಪ್ತಿಯಾದ ಆಸ್ತಿ ಹರಾಜು ಹಾಕುವುದು.

ಅಂತರ್ಜಾಲದಲ್ಲಿ ಹರಿದಾಡುವ ಸಲಹೆಯೊಂದರ ಬಗ್ಗೆ ಎಚ್ಚರ: ‘ಅಧಿಕಾರಿ ರಾಜ್ಯದ ನಿಯಮ ಮೀರಿ ಬಂಧಿಸಿದರೆ ಕೇಸು ಬಿದ್ದುಹೋಗುತ್ತದೆ’. ಪೆನ್ಸಿಲ್ವೇನಿಯಾದಂಥ ಕಡೆ ಕೆಲವೊಮ್ಮೆ ಹೌದು. ಆದರೆ 2008ರ ವರ್ಜೀನಿಯಾ ವಿರುದ್ಧ ಮೂರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇರೆಯೇ ಹೇಳಿತು. ಬರೀ ಸಮನ್ಸ್ ಕೊಟ್ಟು ಬಿಡಬೇಕಾದ ಅಪರಾಧಕ್ಕೆ ರಾಜ್ಯದ ಕಾನೂನು ಮೀರಿ ಬಂಧಿಸಿದ್ದರೂ, ಬಂಧನಕ್ಕೆ ಸಾಕಷ್ಟು ಕಾರಣವಿದ್ದುದರಿಂದ ಸಕಾರಣವಿಲ್ಲದ ಶೋಧ, ಬಂಧನಗಳಿಂದ ಕಾಪಾಡುವ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಉಲ್ಲಂಘನೆಯಾಗಿಲ್ಲ, ಸಿಕ್ಕ ಸಾಕ್ಷ್ಯ ನಡೆಯುತ್ತದೆ ಎಂದಿತು. ವ್ಯಾಪ್ತಿಯ ವಾದವನ್ನು ರಸ್ತೆಬದಿಯಲ್ಲಿ ಮಾಡಿ ಪ್ರಯೋಜನವಿಲ್ಲ. ಅಧಿಕಾರಿಯ ಹೆಸರು, ಬಿಲ್ಲೆ ಸಂಖ್ಯೆ, ಇಲಾಖೆ ಬರೆದುಕೊಂಡು ವಕೀಲರಿಗೆ ಕೊಡಿ.

ಬಾಡಿಗೆಗೆ ಪೊಲೀಸ್

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಕುಪರ್ಟಿನೊ ನಗರಕ್ಕೆ ಸ್ವಂತ ಪೊಲೀಸ್ ಇಲಾಖೆ ಇಲ್ಲ. ಸಾರಟೋಗಾ, ಲಾಸ್ ಆಲ್ಟೋಸ್ ಹಿಲ್ಸ್ ಕೂಡ ಹಾಗೆಯೇ. ಮೂರೂ ಸಾಂಟಾ ಕ್ಲಾರಾ ಕೌಂಟಿ ಶೆರಿಫರಿಗೆ ಹಣ ಕೊಟ್ಟು ಸೇವೆ ಪಡೆಯುತ್ತವೆ. ಈ ಪದ್ಧತಿಗೆ ದಾರಿ ತೋರಿಸಿದ್ದು ಲಾಸ್ ಏಂಜಲೀಸ್ ಕೌಂಟಿಯ ಲೇಕ್‌ವುಡ್, 1954ರಲ್ಲಿ. ಈಗ ಆ ಕೌಂಟಿಯ 88 ನಗರಗಳಲ್ಲಿ 42 ಶೆರಿಫರ ಒಪ್ಪಂದದಲ್ಲಿವೆ. ಅಲಮೀಡಾ ಕೌಂಟಿಯ ಡಬ್ಲಿನ್‌ನಲ್ಲಿ ಕಾರಿನ ಮೇಲೆ ‘ಡಬ್ಲಿನ್ ಪೊಲೀಸ್’ ಎಂದು ಬರೆದಿರುತ್ತದೆ, ಒಳಗೆ ಕೂತಿರುವವರು ಶೆರಿಫರ ನೌಕರರು.

ನಗರಕ್ಕೆ ಉಳಿತಾಯ ಖಂಡಿತ: ಸ್ವಂತ ಪತ್ತೇದಾರಿ ದಳ, ಬಾಂಬ್ ದಳ, ಅಪರಾಧ ಪ್ರಯೋಗಾಲಯ ಸಾಕಬೇಕಾಗಿಲ್ಲ. ಕಳೆದುಕೊಳ್ಳುವುದು ಹಿಡಿತವನ್ನು. ಎಷ್ಟು ಗಂಟೆ ಗಸ್ತು, ಶಾಲೆಯ ಬಳಿ ಎಷ್ಟು ನಿಗಾ ಎಂದು ಒಪ್ಪಂದದಲ್ಲಿ ಬರೆಸಬಹುದು; ಯಾರನ್ನು ನೇಮಿಸಬೇಕು, ಯಾರನ್ನು ಶಿಕ್ಷಿಸಬೇಕು, ಬಲಪ್ರಯೋಗದ ನೀತಿ ಏನು ಎಂಬುದು ಶೆರಿಫರ ಕೈಯಲ್ಲೇ ಉಳಿಯುತ್ತದೆ. ಕುಪರ್ಟಿನೊ ಪಕ್ಕದ ಸನಿವೇಲ್ ಹಿಡಿದದ್ದು ಬೇರೆಯೇ ದಾರಿ. 1950ರಿಂದ ಅಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಒಂದೇ ಇಲಾಖೆ, ಒಬ್ಬರೇ ಅಧಿಕಾರಿ ಎರಡೂ ಅಕಾಡೆಮಿ ಮುಗಿಸಿರುತ್ತಾರೆ.

ವಿಳಾಸ ನಂಬಿ ಮೋಸ ಹೋಗುವವರು ಬಹಳ. ಅಂಚೆ ವಿಳಾಸದಲ್ಲಿ ‘ಸ್ಯಾನ್ ಹೋಸೆ’ ಎಂದಿದ್ದರೂ ಮನೆ ನಗರಕ್ಕೆ ಸೇರದ ಕೌಂಟಿ ತುಣುಕಿನಲ್ಲಿರಬಹುದು. ಬರ್ಬ್ಯಾಂಕ್ ಬಡಾವಣೆಯ ಭಾಗಗಳು ಹೀಗಿವೆ. 911ಕ್ಕೆ ಕರೆ ಮಾಡಿದರೆ ಸ್ಥಳ ನೋಡಿ ಅವರೇ ಸರಿಯಾದ ಇಲಾಖೆಗೆ ದಾಟಿಸುತ್ತಾರೆ. ಆದರೆ ಮರುದಿನ ವಿಮೆಗಾಗಿ ವರದಿ ಕೇಳಲು ಹೋದಾಗ ನೀವೇ ಸರಿಯಾದ ಕೌಂಟರ್ ಹುಡುಕಬೇಕು. ಸ್ಥಳಕ್ಕೆ ಬಂದವರಿಂದ ಕೇಸ್ ನಂಬರ್ ಮತ್ತು ಇಲಾಖೆಯ ಹೆಸರು ಎರಡನ್ನೂ ಕೇಳಿ ಪಡೆಯುವುದು ಇದಕ್ಕಾಗಿ.

ಮನೆ ಖಾಲಿ ಮಾಡಿಸುವವರು ಯಾರು

ಸಿಟಿ ಪೊಲೀಸರ ಕೈಯಲ್ಲಿ ಇಲ್ಲದ, ಶೆರಿಫರಿಗೆ ಮಾತ್ರ ಇರುವ ಅಧಿಕಾರ ಬಾಡಿಗೆದಾರರಿಗೆ ಬಿಸಿ ಮುಟ್ಟಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮಾಲೀಕರು ಕೋರ್ಟಿನಲ್ಲಿ ಗೆದ್ದು, ಸ್ವಾಧೀನದ ರಿಟ್ ಪಡೆದು, ಶುಲ್ಕದೊಂದಿಗೆ ಶೆರಿಫ್ ಕಚೇರಿಗೆ ಕೊಡಬೇಕು. ಡೆಪ್ಯೂಟಿ ಬಾಗಿಲಿಗೆ ನೋಟಿಸು ಅಂಟಿಸುತ್ತಾರೆ. ಐದು ದಿನ ಕಳೆದ ಮೇಲೆ ಬಂದು ಮನೆ ಬಿಡಿಸಿ ಮಾಲೀಕರಿಗೆ ಒಪ್ಪಿಸುತ್ತಾರೆ. ಈ ಸರಣಿ ತಪ್ಪಿಸಿ ಮಾಲೀಕರೇ ಬೀಗ ಬದಲಿಸುವುದು, ಕರೆಂಟ್ ನೀರು ಕತ್ತರಿಸುವುದು ಕಾನೂನುಬಾಹಿರ. ಸಿವಿಲ್ ಸಂಹಿತೆಯ 789.3ರಂತೆ ದಿನಕ್ಕೆ 100 ಡಾಲರ್‌ವರೆಗೆ ದಂಡ ಬೀಳಬಹುದು. ‘ಪೊಲೀಸರನ್ನು ಕರೆಸಿ ಹೊರಹಾಕಿಸುತ್ತೇನೆ’ ಎಂದು ಮಾಲೀಕರು ಹೆದರಿಸಿದರೆ, ಕರೆಸಿಕೊಂಡ ಸಿಟಿ ಪೊಲೀಸರು ಸಾಮಾನ್ಯವಾಗಿ ‘ಇದು ಸಿವಿಲ್ ವಿಷಯ’ ಎಂದು ಹೇಳಿ ಹೊರಡುತ್ತಾರೆ.

ತಪ್ಪು ಮಾಡಿದರೆ ಯಾರ ಮೇಲೆ

ಪೊಲೀಸ್ ಮುಖ್ಯಸ್ಥರು ಸರಿಯಿಲ್ಲದಿದ್ದರೆ ನಗರ ಅವರನ್ನು ಕಳಿಸಿಬಿಡುತ್ತದೆ. ಶೆರಿಫರನ್ನು ತೆಗೆಯುವುದು ಕಷ್ಟ. ಕೌಂಟಿ ಮಂಡಳಿಯ ಕೈಯಲ್ಲಿರುವುದು ಬಜೆಟ್. ತನಿಖೆಯಲ್ಲಿ ಅದು ಕೈಹಾಕುವಂತಿಲ್ಲ. ಸಾಂಟಾ ಕ್ಲಾರಾದಲ್ಲಿ ಬಂದೂಕು ಪರವಾನಗಿ ಹಂಚಿಕೆಯೂ ಸೇರಿದಂತೆ ಹಲವು ಆರೋಪಗಳ ಮೇಲೆ ಸ್ಥಳೀಯ ಆಡಳಿತದ ಮೇಲೆ ನಿಗಾ ಇಡುವ ನಾಗರಿಕರ ತಂಡವಾದ ಸಿವಿಲ್ ಗ್ರ್ಯಾಂಡ್ ಜ್ಯೂರಿ ಶೆರಿಫರ ವಿರುದ್ಧ ದೋಷಾರೋಪ ಮಾಡಿತು, 2022ರಲ್ಲಿ ವಿಚಾರಣೆಯೂ ನಡೆಯಿತು. ತೀರ್ಪಿಗೆ ಕೆಲವೇ ದಿನ ಮೊದಲು ಅವರು ಹುದ್ದೆ ಬಿಟ್ಟರು, ಜ್ಯೂರಿ ತಪ್ಪಿತಸ್ಥರೆಂದಿತು. ಸ್ಯಾನ್ ಮಟೇಯೊ ಕೌಂಟಿಯ ಜನ 2025ರ ಮಾರ್ಚ್‌ನಲ್ಲಿ ಶೆರಿಫರನ್ನು ತೆಗೆಯುವ ಅಧಿಕಾರವನ್ನು ಮಂಡಳಿಗೆ ಮತ ಹಾಕಿ ಕೊಡಬೇಕಾಯಿತು.

ಡೆಪ್ಯೂಟಿಗಳ ಕೆಲಸದ ಭದ್ರತೆಯೂ ಊರಿಂದೂರಿಗೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಅವರಿಗೆ ಪೊಲೀಸರಷ್ಟೇ ಕಾನೂನು ರಕ್ಷಣೆ ಇದೆ. ವರ್ಜೀನಿಯಾದಲ್ಲಿ ಹೊಸ ಶೆರಿಫ್ ಬಂದರೆ ಹಳಬರ ಬೆಂಬಲಿಗರಿಗೆ ಕೆಲಸ ಹೋಗಬಹುದು. ಹ್ಯಾಂಪ್ಟನ್‌ನಲ್ಲಿ ಚುನಾವಣೆಯ ಎದುರಾಳಿಯ ಫೇಸ್‌ಬುಕ್ ಪುಟಕ್ಕೆ ಲೈಕ್ ಒತ್ತಿದ ಡೆಪ್ಯೂಟಿ ಕೆಲಸ ಕಳೆದುಕೊಂಡ ಪ್ರಕರಣದಲ್ಲಿ, ಲೈಕ್ ಕೂಡ ವಾಕ್ ಸ್ವಾತಂತ್ರ್ಯವೇ ಎಂದು 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಬೇಕಾಯಿತು.

ನಷ್ಟ ಪರಿಹಾರ ಕೇಳುವವರು ಮೊದಲು ನೋಡಬೇಕಾದ್ದು ಸಂಬಳದ ಚೀಟಿ ಯಾರದ್ದು ಎಂದು. ಸಿಟಿ ಪೊಲೀಸ್ ಆದರೆ ನಗರದ ಮೇಲೆ, ಡೆಪ್ಯೂಟಿ ಆದರೆ ಕೌಂಟಿಯ ಮೇಲೆ. ಫೆಡರಲ್ ಕೋರ್ಟಿನ ದಾರಿ ಇನ್ನೂ ತೊಡಕು. ಅಲಬಾಮಾದ ಶೆರಿಫರು ಕಾನೂನು ಜಾರಿಯ ಮಟ್ಟಿಗೆ ರಾಜ್ಯದ ಅಧಿಕಾರಿಗಳು, ಅವರ ಕೃತ್ಯಕ್ಕೆ ಕೌಂಟಿ ಹೊಣೆಯಲ್ಲ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಕ್ಯಾಲಿಫೋರ್ನಿಯಾದ ಶೆರಿಫರ ಬಗ್ಗೆ ಫೆಡರಲ್ ಮೇಲ್ಮನವಿ ನ್ಯಾಯಾಲಯ 2001ರಲ್ಲಿ ‘ಕೌಂಟಿಯವರು’ ಎಂದರೆ, ರಾಜ್ಯದ ಸುಪ್ರೀಂ ಕೋರ್ಟ್ 2004ರಲ್ಲಿ ‘ರಾಜ್ಯದವರು’ ಎಂದಿತು. ಹಾಗಾಗಿ ಯಾವ ನ್ಯಾಯಾಲಯದಲ್ಲಿ ದಾವೆ ಹೂಡುವುದು ಎಂಬುದನ್ನೇ ವಕೀಲರು ಮೊದಲು ಅಳೆದು ತೂಗುತ್ತಾರೆ.

ಕ್ಯಾಲಿಫೋರ್ನಿಯಾದ ಕಾನೂನಿನಡಿ ಗಾಯಕ್ಕೆ, ವಸ್ತುಹಾನಿಗೆ ಪರಿಹಾರ ಬೇಕಿದ್ದರೆ ದಾವೆಗೆ ಮೊದಲೇ ಸಂಬಂಧಪಟ್ಟ ಸಂಸ್ಥೆಗೆ ಲಿಖಿತ ಕ್ಲೇಮ್ ಸಲ್ಲಿಸಬೇಕು, ಗಡುವು ಘಟನೆಯಿಂದ ಆರು ತಿಂಗಳು. ಕುಪರ್ಟಿನೊದಲ್ಲಿ ನಡೆದದ್ದು ಎಂದು ನಗರಸಭೆಗೆ ಮಾತ್ರ ಅರ್ಜಿ ಕೊಟ್ಟು ಕೂತರೆ, ಡೆಪ್ಯೂಟಿ ಕೌಂಟಿಯ ನೌಕರ ಎಂಬುದು ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿರಬಹುದು. ಅನುಮಾನವಿದ್ದಾಗ ವಕೀಲರು ನಗರಕ್ಕೊಂದು, ಕೌಂಟಿಗೊಂದು ಅರ್ಜಿ ಹಾಕಿಸಿ, ಎರಡಕ್ಕೂ ದಿನಾಂಕ ಒತ್ತಿದ ಸ್ವೀಕೃತಿ ಇಟ್ಟುಕೊಳ್ಳುತ್ತಾರೆ.